ಪದರು ಬಿಡುವ ಕಲ್ಲು

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಗೆ, ಚಂದ್ರಲಾಂಬಾ ದೇವಿಯ ಗುಡಿ ಇದೆ. ಅದೇ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು, ಮೂರ್ತಿಗೂ ಧಕ್ಕೆಯಾಯಿತು. ಬಿದ್ದದ್ದನ್ನು ಎತ್ತಿ ಸರಿಸುವಾಗ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೈಮೇಲೆ ಅಕ್ಷರಗಳು ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಬರೆಸಿದವನು ಅಶೋಕ. ಚಪ್ಪಡಿಯ ಎರಡೂ ಬದಿಗೆ ಬರಹವಿತ್ತು. ಒಂದು ಬದಿಗೆ ಅವನ 12 ಮತ್ತು 14ನೆಯ ಶಾಸನಗಳು. ಇನ್ನೊಂದು ಬದಿಗೆ, ಅಲ್ಲಿಯತನಕ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯ ಬುಡವನ್ನು ನೆಲೆಗೊಳಿಸಲು ಹಿಂದೆಂದೋ ಒಬ್ಬ ಕಲ್ಲುಕುಟಿಗ ಚಪ್ಪಡಿಯ ನಟ್ಟನಡುವೆ ಚೌಕಾಕಾರದ ತೂತು ಕೊರೆದಿದ್ದ. ಆ ಜಾಗದ ಅಕ್ಷರಗಳು ಪುಡಿಯಾಗಿ ಹೋದವು. ಈಗ ನೋಡಿದರೆ ಸಾಲುಗಳು ತೂತಿನ ಅಂಚಿಗೆ ಬಂದು ನಿಲ್ಲುತ್ತವೆ, ಆಚೆಯ ಅಂಚಿನಿಂದ ಮತ್ತೆ ಹೊರಡುತ್ತವೆ.

ಆ 12ನೆಯ ಶಾಸನದ ವಿಷಯವೇ ಪರಮತದ ಗೌರವ. ತನ್ನ ಮತವನ್ನು ಹೊಗಳಿಕೊಳ್ಳುತ್ತ ಇನ್ನೊಬ್ಬರದನ್ನು ಹಳಿಯುವವನು ತನ್ನದಕ್ಕೇ ಕೇಡು ತಂದುಕೊಳ್ಳುತ್ತಾನೆ, ಮಾತಿಗೆ ಹದ ಇರಲಿ ಎಂಬುದು ಅದರ ಸಾರ. ಈ ಮಾತನ್ನು ಹೊತ್ತ ಕಲ್ಲು ಶತಮಾನಗಳ ಕಾಲ ಕಾಳಿಯ ಪಾದದಡಿ ಮಲಗಿತ್ತು. ಕೊರೆದವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಗೊತ್ತಿರುವ ಸಾಧ್ಯತೆಯೂ ಇರಲಿಲ್ಲ. ಬ್ರಾಹ್ಮಿಯನ್ನು ಓದುವ ವಿದ್ಯೆ ಈ ದೇಶದಲ್ಲಿ ಯಾವತ್ತೋ ಸತ್ತುಹೋಗಿತ್ತು. ಅದನ್ನು ಮತ್ತೆ ಬಿಡಿಸಿದವನು ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್, 1837ರಲ್ಲಿ. ನಮ್ಮನ್ನು ಆಳಲು ಬಂದ ಕಂಪನಿಯ ನೌಕರ ನಮ್ಮ ಅಕ್ಷರ ಓದಿಕೊಟ್ಟ. ಬೇರು ಹುಡುಕಲು ಹೊರಟವರಿಗೆ ಮೊದಲು ಸಿಗುವುದೇ ಇಂಥ ತೊಡಕು. ಅದನ್ನು ಬದಿಗೆ ಸರಿಸಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಸನ್ನತಿಗೆ ಹತ್ತಿಕೊಂಡೇ ಕನಗನಹಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಲ್ಲಿ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ರಾಣಿ ಮತ್ತು ಪರಿವಾರದೊಡನೆ ನಿಂತ ಒಬ್ಬ ಅರಸನ ಶಿಲ್ಪ, ಪಕ್ಕದಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. ಅಶೋಕನ ರೂಪ ಹೆಸರಿನ ಸಮೇತ ಸಿಕ್ಕಿದ್ದು ಅದೇ ಮೊದಲು. ಸ್ತೂಪಕ್ಕೆ ಹೊದಿಸಿದ್ದು ಈ ನೆಲದ್ದೇ ಸುಣ್ಣಕಲ್ಲು. ಇಡೀ ದಖ್ಖನ್ನಿನ ಮನೆಗಳ ಪಡಸಾಲೆ, ಶಾಲೆಯ ವರಾಂಡ, ರೈಲು ನಿಲ್ದಾಣದ ಫಲಾಟಿಗೆ ಹಾಸಿದ ಶಹಾಬಾದ್ ಫರಸಿಯ ಜಾತಿಯದೇ ಅದು.

ಆ ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಶಹಾಬಾದದ ಸುತ್ತಿನ ಖಣಿಗಳಿಗೆ ಇಳಿದರೆ ಗೋಡೆಯ ತುಂಬ ಅಡ್ಡಗೆರೆಗಳು ಕಾಣುತ್ತವೆ; ಬೂದು, ತಿಳಿನೀಲಿ, ಎಲ್ಲೋ ಒಂದು ಕಡೆ ಹಳದಿ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳಕ್ಕೆ ಇಳಿದ ಸುಣ್ಣದ ಕೆಸರು ಪದರು ಪದರಾಗಿ ಗಟ್ಟಿಯಾಗಿ ಈ ಕಲ್ಲಾಯಿತು. ಬಹಳ ಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಲಾವಾ ಹರಿದು ಬಂದು ಚಿಂಚೋಳಿ ಕಡೆಯ ಗುಡ್ಡಗಳಾದವು. ಆ ಕಪ್ಪುಕಲ್ಲು ಸವೆದು ಎರೆಭೂಮಿಯಾಯಿತು, ತೊಗರಿ ಬೆಳೆಯಿತು. ಖಣಿಯಲ್ಲಿ ಒಬ್ಬ ಹಿರಿಯರು ಕೂತು ಕಲ್ಲು ಎಬ್ಬಿಸುತ್ತಿದ್ದರು. ಉಳಿಯನ್ನು ಗೆರೆಗೆ ಸರಿಯಾಗಿ ಇಟ್ಟು ಮೆಲ್ಲಗೆ ಬಡಿದರು, ಒಂದು ಗೇಣು ಸರಿದು ಮತ್ತೆ ಬಡಿದರು, ಇನ್ನೊಂದು ಗೇಣು. ಏಟಿನ ಸದ್ದು ಬದಲಾಗುವುದನ್ನು ಕಿವಿಗೊಟ್ಟು ಕೇಳುತ್ತಿದ್ದರು. ಟಣ್ ಎನ್ನುತ್ತಿದ್ದದ್ದು ಒಮ್ಮೆಲೇ ಟೊಳ್ಳಾಗಿ ಕೇಳಿದಾಗ ಸುತ್ತಿಗೆ ಕೆಳಗಿಟ್ಟು ಹಾರೆಯ ತುದಿ ತೂರಿಸಿದರು. ಚಪ್ಪಡಿ ಸಲೀಸಾಗಿ ಎದ್ದು ಬಂತು. ‘ಇದನ್ನ ಒಡಿಯಂಗಿಲ್ರಿ,’ ಎಂದರು. ‘ಅದರ ಪದರು ಎಲ್ಲದಂತ ತಿಳಕೊಂಡ್ರ ಅದೇ ಬಿಟ್ಟುಕೊಡ್ತದ. ಜೋರು ಮಾಡಿದ್ರ ಎರಡೂ ಹೋಗ್ತಾವು, ಮ್ಯಾಲಿಂದೂ, ಕೆಳಗಿಂದೂ.’

ಈ ಭಾಗದ ಗುರುತಿನ ಬಗ್ಗೆ, ಅಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಜನ ತಮ್ಮನ್ನು ಯಾರೆಂದು ತಿಳಿದುಕೊಳ್ಳಬೇಕು ಎಂಬ ಬಗ್ಗೆ ಯೋಚಿಸುವಾಗಲೆಲ್ಲ ಆ ಮಾತಿಗೆ ಹೋಗಿ ನಿಲ್ಲುತ್ತೇನೆ. ಮೇಲಿನ ಪದರನ್ನು ಜಜ್ಜಿ ಹಾಕಿದರೆ ಕೆಳಗಿನದು ಶುದ್ಧವಾಗಿ ಸಿಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಎರಡೂ ಹೋಗುತ್ತವೆ ಎಂಬುದೇ ನನ್ನ ಭಯ.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿ ನಿಂತವರಿಗೆ ಅನಿತ್ಯವೆಂದರೇನು ಎಂದು ಬೇರೆ ಪಾಠ ಬೇಕಿಲ್ಲ. ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನರ್ಮದೆಯ ಆಚೆಗೂ ಕಂಚಿಯ ತನಕವೂ ಇಲ್ಲಿಂದ ದಂಡು ಹೋಗುತ್ತಿತ್ತು. 9ನೆಯ ಶತಮಾನದ ಅರಬ್ ವರ್ತಕ ಸುಲೈಮಾನನ ವರದಿ ಇಲ್ಲಿಯ ‘ಬಲ್ಹಾರ’ನನ್ನು ಜಗತ್ತಿನ ನಾಲ್ಕು ಮಹಾರಾಜರ ಸಾಲಿನಲ್ಲಿ ಎಣಿಸಿತು. ಅಮೋಘವರ್ಷ ನೃಪತುಂಗ ಆರು ದಶಕಗಳಿಗೂ ಹೆಚ್ಚು ಕಾಲ ಆಳಿದ. ಆದಿಪುರಾಣದ ಜಿನಸೇನ, ಗಣಿತಸಾರಸಂಗ್ರಹದ ಮಹಾವೀರಾಚಾರ್ಯ, ಕವಿರಾಜಮಾರ್ಗದ ಶ್ರೀವಿಜಯ ಅವನ ಕಾಲದವರು. ಪ್ರಜೆಗಳ ಮೇಲೆ ಬಂದ ವಿಪತ್ತು ಕಳೆಯಲೆಂದು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನದ ತಾಮ್ರಪಟ ಹೇಳುತ್ತದೆ. ಜಿನಸೇನರ ಶಿಷ್ಯ, ಮಹಾಲಕ್ಷ್ಮಿಗೆ ಬೆರಳು ಕೊಟ್ಟವನು. ಇವತ್ತಿನ ಯಾವ ಅರ್ಜಿಯ ‘ಧರ್ಮ’ದ ಕಲಂನಲ್ಲಿ ಅವನನ್ನು ಕೂರಿಸುತ್ತೀರಿ?

ಕ್ರಿ.ಶ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಅದೇ ಹೊತ್ತಿಗೆ ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಬರೆದು ಮುಗಿಸಿದ. ಯಾವಾಗ ಮುಗಿಸಿದೆ ಎಂದು ಹೇಳಲು ಅವನು ಕೊಟ್ಟ ಗುರುತು, ಮಾಳವರು ಮಾನ್ಯಖೇಟವನ್ನು ಸೂರೆಗೊಂಡ ವರ್ಷ. ಒಂದು ಮಹಾನಗರದ ಸಾವು ಇನ್ನೊಂದು ಊರಿನ ಹುಡುಗಿಯ ಶಬ್ದಕೋಶಕ್ಕೆ ತೇದಿಯಾಯಿತು. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟ. ಜೈನರು ನಿತ್ಯ ಮನನ ಮಾಡಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯ. ಅವನು ಅದನ್ನು ಬಾಯಿಪಾಠದಿಂದ ಕಲಿಯಬೇಕಾಗಿ ಬರಲಿಲ್ಲ.

ಈಗ ಮಳಖೇಡದಲ್ಲಿ ಉಳಿದಿರುವುದು ಶಹಾಬಾದ್ ಕಲ್ಲಿನ ಕೋಟೆ, ಅದೂ ಅನೇಕರ ಕಾಲದಲ್ಲಿ ಕಟ್ಟಿ ಕೆಡವಿ ಕಟ್ಟಿದ್ದು, ಹಳೆಯ ಜೈನ ಬಸದಿ, ಟೀಕಾಚಾರ್ಯ ಜಯತೀರ್ಥರ ಸನ್ನಿಧಾನವೆಂದು ಉತ್ತರಾದಿ ಮಠದ ಭಕ್ತರು ಬರುವ ಬೃಂದಾವನ, ದರ್ಗಾ, ತುಸು ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಇವುಗಳಲ್ಲಿ ಯಾವುದು ಮಳಖೇಡದ ಬೇರು ಎಂದು ಊರಿನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸುತ್ತಾರೆ. ತೋರಿಸಲಿ. ಎಲ್ಲರೂ ಖರೆಯನ್ನೇ ಹೇಳುತ್ತಿದ್ದಾರೆ.

ಕವಿರಾಜಮಾರ್ಗದ್ದೂ ಇದೇ ಬಗೆಯ ಉದಾರತೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಅದು ಎಲ್ಲೆ ಹಾಕಿದ್ದನ್ನು ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿ ಕೇಳುತ್ತೇವೆ. ಅದರ ಪಕ್ಕದ ಮಾತನ್ನು ಕೇಳುವುದು ಅಪರೂಪ. ಕನ್ನಡದ ತಿರುಳು ಇರುವುದು ಎಲ್ಲಿ ಎಂದು ಹೇಳುವಾಗ ಆ ಕೃತಿ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳನ್ನು. ಮಾನ್ಯಖೇಟ ಆ ಪಟ್ಟಿಯಲ್ಲಿಲ್ಲ! ಸಾಮ್ರಾಜ್ಯದ ರಾಜಧಾನಿಯಲ್ಲಿ ಕೂತು ಬರೆದ ಪುಸ್ತಕ, ತಿರುಳು ನಮ್ಮ ಅಂಗಳದಲ್ಲಿದೆ ಎಂದು ಹೇಳಿಕೊಳ್ಳಲಿಲ್ಲ. ಕನ್ನಡ ಊರೂರಿಗೆ ಬೇರೆ, ಅದರ ದೋಷಗಳನ್ನು ಲೆಕ್ಕ ಹಾಕಲು ಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಟ್ಟಾನು ಎಂಬ ಅರ್ಥದ ಮಾತೂ ಅಲ್ಲೇ ಇದೆ. ತೆಲುಗು, ಮರಾಠಿ, ಉರ್ದು, ಲಂಬಾಣಿ ಎಲ್ಲ ಬೆರೆತ ನಮ್ಮ ಕಡೆಯ ಕನ್ನಡವನ್ನು ಕೇಳಿ ನಕ್ಕವರಿಗೆ ಅದಕ್ಕಿಂತ ಹಳೆಯ ಉತ್ತರ ಬೇಕಿಲ್ಲ.

ಆ ಕೃತಿ ಮೊದಲ ಸಲ ಅಚ್ಚಾದದ್ದು 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ, ಬೆಂಗಳೂರಿನಲ್ಲಿ. ಆಗ ಅದು ಹುಟ್ಟಿದ ಊರು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸರಕಾರದ ಭಾಷೆ ಬಹುಕಾಲ ಪಾರ್ಸಿ, 1880ರ ದಶಕದಿಂದ ಉರ್ದು. ನಿಜಾಮನ ಮೇಲೆ ಬ್ರಿಟಿಷ್ ರೆಸಿಡೆಂಟ್. ಈ ಜನ ಎರಡು ಆಳ್ವಿಕೆಗಳ ಭಾರ ಒಟ್ಟಿಗೇ ಹೊತ್ತವರು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷಿಗೆ ಸಡ್ಡು ಹೊಡೆದು ಉರ್ದುವಿನಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ, ಅಲ್ಲವೆನ್ನಲಾರೆ. ಚಿತ್ತಾಪುರದ ಕನ್ನಡ ಕೂಸಿಗೆ ಮಾತ್ರ ಅದೂ ಪರಭಾಷೆಯೇ ಆಗಿತ್ತು. ಸಭೆ ಸೇರಲು ಸರಕಾರದ ಪರವಾನಗಿ ಬೇಕೆಂಬ ಗಸ್ತಿ, ಅಂದರೆ ಸುತ್ತೋಲೆ, ಹೊರಟಿತ್ತು, ಖಾಸಗಿ ಶಾಲೆಗಳ ಮೇಲೂ ಕಣ್ಣಿತ್ತು. ಅಂಥ ಹೊತ್ತಿನಲ್ಲಿ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮನೆಯಲ್ಲಿ ಆಡುವ ಮಾತು ಪೆಂಡಾಲಿನೊಳಗೂ ಮರ್ಯಾದೆಯಿಂದ ಆಡಬಹುದಾದದ್ದು ಎಂದು ಕೇಳಿಸಿಕೊಂಡವರ ಎದೆ ಎಷ್ಟು ತುಂಬಿರಬೇಕು.

ಅದೇ ನಿಜಾಮ್ ಸರಕಾರ 1914ರಲ್ಲಿ ಪ್ರಾಚ್ಯವಸ್ತು ಇಲಾಖೆ ತೆರೆಯಿತು. ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಆ ಇಲಾಖೆ ಚಿತ್ತಾಪುರದ ನಾಗಾವಿಯ ಶಾಸನಗಳನ್ನು ಓದಿಸಿ ಪುಸ್ತಕವಾಗಿ ಹೊರತಂದಿತು. ಒಂದು ಕೈ ಶಾಲೆಯಿಂದ ಕನ್ನಡವನ್ನು ಹೊರಗಿಟ್ಟಿತು, ಇನ್ನೊಂದು ಕೈ ಕಲ್ಲಿನ ಮೇಲಿನ ಕನ್ನಡವನ್ನು ಉಳಿಸಿತು. ಎರಡನ್ನೂ ಹೇಳದ ಚರಿತ್ರೆ ಅರ್ಧ ಸುಳ್ಳು.

ಹಾಗಿದ್ದರೆ ವಸಾಹತು ಆಳ್ವಿಕೆ ಕಸಿದದ್ದು ಏನನ್ನು? ಕೆಡವಿದ್ದು, ದೋಚಿದ್ದು ಎಲ್ಲರಿಗೂ ಗೊತ್ತು. ಕೆಡವುವುದನ್ನು ಸೀಯಕನೂ ಮಾಡಿದ್ದ. ಬ್ರಿಟಿಷರ ಕಾಲದಲ್ಲಿ ಹೊಸದಾಗಿ ನಡೆದದ್ದು ಬೇರೆಯೇ. ಹರಿಯುತ್ತಿದ್ದದ್ದನ್ನು ಅವರು ಹೆಪ್ಪುಗಟ್ಟಿಸಿದರು. ಇದಕ್ಕೆ ಸಾಕ್ಷಿ ಕೂಡ ಈ ನೆಲದಲ್ಲೇ ಇದೆ. ಶಹಾಬಾದ್ ಹತ್ತಿರದ ಮರತೂರು ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನ ಊರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ವ್ಯಾಖ್ಯಾನವೆಂದರೆ ಹಳೆಯ ಮಾತನ್ನು ಇವತ್ತಿನ ಬಾಳಿಗೆ ಹೊಂದಿಸುವ ಕೆಲಸ. ಊರಿನ ರೂಢಿಗೆ, ಕುಲದ ಸಂಪ್ರದಾಯಕ್ಕೆ, ಮುಂದೆ ಬರುವ ಇನ್ನೊಬ್ಬ ವ್ಯಾಖ್ಯಾನಕಾರನಿಗೆ ಅದರಲ್ಲಿ ಜಾಗ ಇರುತ್ತದೆ. ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಆಮೇಲೆ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಉಳಿದ ಭಾರತದ ಹಿಂದೂಗಳಿಗೆ ಅದೇ ಕಾನೂನೆಂದು ನ್ಯಾಯಾಲಯಗಳು ಹಿಡಿದವು. ತೀರ್ಪಿನ ಮೇಲೆ ತೀರ್ಪು ಬಿದ್ದು ವ್ಯಾಖ್ಯಾನ ಸಂಹಿತೆಯಾಯಿತು. ಹೆಣ್ಣಿಗೆ ವಾರಸಾಗಿ ಬಂದದ್ದೂ ಅವಳ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ಬರೆದಿದ್ದ. ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲಿ ಅದನ್ನು ಒಪ್ಪಲಿಲ್ಲ. ಮರತೂರಿನವನು ಹನ್ನೆರಡನೆಯ ಶತಮಾನದ ಸುಮಾರಿಗೆ ತೆರೆದ ಬಾಗಿಲನ್ನು ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನು ಮುಚ್ಚಿತು, ಮುಚ್ಚಿ ಅದನ್ನೇ ಹಿಂದೂ ಕಾನೂನು ಎಂದು ಕರೆಯಿತು. ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಇಡೀ ದೇಶಕ್ಕೆ ಕಾಯಿದೆ ತಿದ್ದಲು 2005ರ ತನಕ ಕಾಯಬೇಕಾಯಿತು.

ಹೀಗೆ ಹೆಪ್ಪುಗಟ್ಟಿದವರು ಚಿಂಚೋಳಿಯ ತಾಂಡಾಗಳಲ್ಲೂ ಇದ್ದಾರೆ. ಲಂಬಾಣಿಗರು ಎತ್ತಿನ ಹಿಂಡುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲ ತಿರುಗಿದವರು. ಮೊಗಲರ ದಂಡಿಗೂ ಟಿಪ್ಪುವಿನ ಮೇಲೆ ಬಂದ ಕಂಪನಿಯ ದಂಡಿಗೂ ಕಾಳು ಹೊತ್ತವರು ಅವರೇ. ರೈಲು ಬಂತು. ಮುಂಬೈ–ಮದ್ರಾಸ್ ದಾರಿಯ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ವಾಡಿ ಜಂಕ್ಷನ್ ಆಯಿತು, ಊರಾಯಿತು, ಹತ್ತಾರು ಕಡೆಯ ಜನ ಬಂದು ನೆಲೆಸಿದರು. ಎತ್ತಿನ ಸಾಲುಗಳಿಗೆ ಕೆಲಸ ಇಲ್ಲವಾಯಿತು. ಅದೇ 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿನಿಂದಲೇ ಅಪರಾಧಿಗಳೆಂದು ಜನರ ಪಟ್ಟಿ ಮಾಡುವ ಕಾಯಿದೆ ಬಂತು. ಲಂಬಾಣಿಗರ (ಬಂಜಾರರ) ಕೆಲವು ಗುಂಪುಗಳ ಹೆಸರೂ ಮುಂದೆ ಅಂಥ ಪಟ್ಟಿಗಳಿಗೆ ಏರಿತು. ನಡೆಯುವುದೇ ಬದುಕಾಗಿದ್ದವರಿಗೆ ನಡೆಯುವುದೇ ಅಪರಾಧ. 2023ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದ್ದು ಮಳಖೇಡದಲ್ಲೇ. ಕಾಲ ಕೆಳಗಿನ ನೆಲ ನಮ್ಮದೆಂಬ ಕಾಗದ ಕೈಗೆ ಬಂದಾಗಿನ ಸಮಾಧಾನ ದೊಡ್ಡದು, ಅದರ ಬೆಲೆ ಪಟ್ಟಾ ಇದ್ದವರಿಗೆ ತಿಳಿಯುವುದಿಲ್ಲ. ಆದರೆ ಅಲೆದಾಟದ ಹಾಡುಗಳು ಕಾಗದದ ಜೊತೆ ಬರುವುದಿಲ್ಲ. ಅವರ ನುಡಿಗೆ ತನ್ನದೇ ಲಿಪಿ ಇಲ್ಲ. ತಾಂಡಾದ ಹರೆಯದವರು ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ, ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿಯುತ್ತಾರೆ, ಹಾಡು ಬಲ್ಲ ಯಾಡಿಯರು, ಅಂದರೆ ತಾಯಂದಿರು, ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಕನ್ನಡಕ್ಕೆ ಉರ್ದು ಏನು ಮಾಡಿತು ಎಂದು ನೋವುಪಡುವ ನಾವು, ಈ ನುಡಿಗೆ ಕನ್ನಡ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳದಿದ್ದರೆ ನಮ್ಮ ನೋವಿಗೆ ತೂಕವಿರುವುದಿಲ್ಲ.

1948ರ ಸೆಪ್ಟೆಂಬರಿನ ವಿಷಯವನ್ನು ಮೆಲ್ಲಗೆ, ಆದರೆ ಮುಚ್ಚದೆ ಹೇಳಬೇಕು. ರಜಾಕಾರರ ಹಾವಳಿಯಲ್ಲಿ ಮನೆ ಸುಟ್ಟುಕೊಂಡವರ, ಗಡಿ ದಾಟಿ ಓಡಿದವರ ನೆನಪು ಇಲ್ಲಿಯ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಸೆಪ್ಟೆಂಬರ್ 17ರಂದು ಬಾವುಟ ಏರಿಸುವಾಗ ಮುದುಕರ ಕಣ್ಣು ಒದ್ದೆಯಾಗುವುದು ನಾಟಕವಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆಯ ಬೆನ್ನಿಗೇ ಸಾವಿರಾರು ಮುಸ್ಲಿಮರ ಕೊಲೆಯಾಯಿತು. ನೆಹರೂ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ನಮ್ಮ ಬಿಡುಗಡೆಯ ಕಥೆಯೊಳಗೆ ಈ ಸತ್ತವರಿಗೂ ಜಾಗ ಬೇಕು. ಅವರದೂ ಇದೇ ಜ್ವಾಳ, ಇದೇ ನೀರು.

1956ರಲ್ಲಿ ಈ ನೆಲ ಕನ್ನಡ ರಾಜ್ಯಕ್ಕೆ ಸೇರಿತು. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದಾಗ ನನಗೆ ಸಂತೋಷವೇ ಆಯಿತು; ಜನ ಬಾಯಲ್ಲಿ ಎಂದೂ ಬಿಡದಿದ್ದ ಹೆಸರು ಬೋರ್ಡಿಗೆ ಬಂದದ್ದರಲ್ಲಿ ನ್ಯಾಯವಿದೆ. ಆದರೆ ಬೋರ್ಡು ಬರೆದವನ ಬಣ್ಣ ಒಣಗುವ ಮೊದಲೇ ನಮ್ಮ ಕೆಲಸ ಮುಗಿಯಿತೆಂದು ತಿಳಿದೆವು. ಚಿತ್ತಾಪುರದ ಕಡೆ ರೈತರೊಬ್ಬರು ಅಜ್ಜನ ಹೊಲದ ಹಳೆಯ ಕಾಗದ ತಂದು ತೋರಿಸಿದರು. ಮಡಿಕೆಯ ಗೆರೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಹಿಂದಿನಿಂದ ವರ್ತಮಾನ ಪತ್ರಿಕೆಯ ಚೂರು ಅಂಟಿಸಿದ್ದರು. ಬರಹವೆಲ್ಲ ಉರ್ದು. ‘ಹೊಲ ಇದರಾಗ ಅದರಿ, ಖರೆ,’ ಎಂದರು. ‘ಓದಿ ಹೇಳೋ ಮುನ್ಶಿ ಸಾಹೇಬ್ರು ಹೋದ್ರು. ಅವರ ಮಕ್ಕಳಿಗೂ ಈ ಕೈಬರಹ ತಿಳಿಯಂಗಿಲ್ಲ.’ ತನ್ನ ಅಜ್ಜನ ನೆಲಕ್ಕೆ ಮರಳಲು ಆ ಕನ್ನಡ ರೈತನಿಗೆ ಬೇಕಾಗಿರುವುದು ಉರ್ದು. ಬೇರು ಎಂಬುದು ಎಲ್ಲೆಲ್ಲಿ ಹೊಕ್ಕು ಹರಿದಿರುತ್ತದೆ ಎಂಬುದಕ್ಕೆ ಆ ನಾಲ್ಕು ತುಂಡುಗಳೇ ಸಾಕ್ಷಿ.

ಈ ನಡುವೆ, ನಮ್ಮನ್ನು ಯಾರೂ ಆಳದ ಈ ಕಾಲದಲ್ಲಿ, ನೆಲವೇ ಕರಗುತ್ತಿದೆ. ನಿಜಾಮನ ಕಾಲದಲ್ಲಿ ಹುಟ್ಟಿದ ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯೊಳಗೆ ಸೇರಿತು. ಆ ಹಳೆಯ ಕಾರ್ಖಾನೆ ನಿಂತುಹೋಗಿ, ಅದನ್ನೇ ನಂಬಿದ್ದ ಓಣಿಗಳು ಬಡವಾದವು. ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಸುಣ್ಣಕಲ್ಲನ್ನು ಪುಡಿ ಮಾಡಿ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ನೂರು ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಐವತ್ತು ಕೋಟಿ ವರ್ಷ ತಳದಲ್ಲಿ ಕೂತಿದ್ದ ಸಮುದ್ರ ಒಂದು ಪಾಳಿಯೊಳಗೆ ಆಕಾಶಕ್ಕೆ ಏರುತ್ತದೆ. ಉಳಿದದ್ದು ಚೀಲ ಸೇರಿ ಹೈದರಾಬಾದ್, ಪುಣೆಗಳ ಗೋಡೆಯಾಗುತ್ತದೆ. ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. ಅಲ್ಲಿ ಪಗಾರ ಎಣಿಸಿದ ಕೈಗಳೇ ಮಕ್ಕಳನ್ನು ಕಾಲೇಜಿಗೆ ಕಳಿಸಿವೆ. ಖಣಿ ಬಾಯಿ ತೆರೆದುಕೊಂಡು ಬರುವ ದಾರಿಯಲ್ಲಿ ಹೊಲದ ಬದುವಿನ ವೀರಗಲ್ಲು ಇರುತ್ತದೆ, ಮೂರು ಸಾಲು ಬರಹದ ದಾನಶಾಸನ ಇರುತ್ತದೆ. ಅದನ್ನು ಯಾರಾದರೂ ಓದಿದ್ದಾರೆಯೇ ಎಂದು ಸ್ಫೋಟಕ ತುಂಬುವ ಮೊದಲು ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂಬುದು ನನ್ನ ದುಃಖ.

ಎಲ್ಲವೂ ಹೋಗುವಂಥದ್ದೇ ಆದರೆ ಓದಿ ಆಗಬೇಕಾದ್ದೇನು? ಈ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ನಾಗಾವಿಯಲ್ಲಿದೆ. ಚಿತ್ತಾಪುರದ ಮಗ್ಗುಲಿನ ಈ ಊರಿಗೆ ಜನ ಯಲ್ಲಮ್ಮನ ದರ್ಶನಕ್ಕೆ ಬರುತ್ತಾರೆ. ಅರವತ್ತು ಕಂಬದ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನದ ಪ್ರಕಾರ ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ 50 ಜನ, ಅವರಿಗೆ ಗುರುಗಳು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳು, ಅಂದರೆ ಪುಸ್ತಕ ಕಾಯುವವರು. ಎಲ್ಲರ ಜೀವನಕ್ಕೂ ಭೂಮಿ ಬಿಟ್ಟಿದ್ದರು. ಆ ವಿದ್ಯೆಯ ಬಾಗಿಲು ಎಲ್ಲ ಜಾತಿಗೂ ತೆರೆದಿರಲಿಲ್ಲ, ಅದನ್ನು ಮರೆತು ಹೆಮ್ಮೆಪಡಬಾರದು. ಆದರೂ ಇನ್ನೂರೈವತ್ತು ಹುಡುಗರಿಗೆ ಆರು ಜನ ಗ್ರಂಥಪಾಲಕರು ಎಂಬ ಲೆಕ್ಕ ನನ್ನನ್ನು ಬಿಡುವುದಿಲ್ಲ.

ಅಷ್ಟು ಜನ ಯಾಕೆ ಬೇಕಿತ್ತು? ತಾಳೆಗರಿ ಬಾಳುವುದು ಕೆಲವು ನೂರು ವರ್ಷ. ಹುಳು ತಿನ್ನುತ್ತದೆ, ತೇವ ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಹೊಸ ಗರಿಗೆ ಯಾರಾದರೂ ನಕಲು ಇಳಿಸಿದರೆ ಮಾತ್ರ ಗ್ರಂಥ ಮುಂದಿನ ತಲೆಮಾರಿಗೆ ದಾಟುತ್ತದೆ. ನಕಲು ಮಾಡುವಾಗ ಒಂದು ಅಕ್ಷರ ತಪ್ಪುತ್ತದೆ, ಇನ್ನೊಂದು ಕಡೆ ಲಿಪಿಕಾರ ಹಳೆಯ ರೂಪ ಬಿಟ್ಟು ತನ್ನ ಕಾಲದ ರೂಪ ಬರೆಯುತ್ತಾನೆ. ಹಾಗೆ ಬದಲಾಗುತ್ತಲೇ ಅದು ಉಳಿಯುತ್ತದೆ. ನಾಗಾವಿಯ ಭಂಡಾರದ ಒಂದು ಗರಿಯೂ ಇವತ್ತು ನಮ್ಮ ಕೈಯಲ್ಲಿಲ್ಲ. ಕವಿರಾಜಮಾರ್ಗ ನಮಗೆ ಸಿಕ್ಕಿರುವುದು ಮಾನ್ಯಖೇಟದ ಗರಿಗಳಿಂದಲ್ಲ. ಎಲ್ಲೆಲ್ಲೋ, ಯಾರ್ಯಾರೋ, ಸಾವಿರ ವರ್ಷ ಬೇಸರಿಸದೆ ನಕಲು ಇಳಿಸಿಕೊಂಡು ಬಂದದ್ದರಿಂದ. ಅವರಲ್ಲಿ ಬಹುಪಾಲು ಜನರ ಹೆಸರು ನಮಗೆ ಗೊತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೇಡಂನ ಮುನ್ನೂರು ಮಹಾಜನರು ಸೇರಿ ಶಾಂತಿನಾಥನ ಬಸದಿ ಕಟ್ಟಿಸಿದರೆಂದು ಶಾಸನವಿದೆ. ಆ ಶಾಸನವೂ ನಮ್ಮ ಕಾಲಕ್ಕೆ ಬಂದದ್ದು ಯಾರೋ ಬಿಸಿಲಲ್ಲಿ ನಿಂತು ಅದರ ಅಚ್ಚು ತೆಗೆದುಕೊಂಡದ್ದರಿಂದ.

ಆದ್ದರಿಂದ ಬೇರು ಮರಳಿ ಪಡೆಯುವುದೆಂದರೆ ನನಗೆ ಕಾಣುವುದು ಆರು ಜನರ ನೌಕರಿ. ತಾಲ್ಲೂಕಿಗೆ ಆರು ಜನ. ಹಳಗನ್ನಡ ಓದಬಲ್ಲ ಒಬ್ಬರು, ಖಣಿ ಮುಂದೆ ಸರಿಯುವ ಮೊದಲೇ ಆ ಹೊಲಗಳಿಗೆ ಹೋಗಿ ಕಲ್ಲಿನ ಮೇಲೆ ಹಸಿ ಕಾಗದ ಒತ್ತಿ ಅಚ್ಚು ತೆಗೆಯುವವರು. ನಿಜಾಮನ ಕಾಲದ ಉರ್ದು ಕೈಬರಹ ಬಲ್ಲ ಒಬ್ಬರು, ತಹಸೀಲು ಕಚೇರಿಯಲ್ಲಿ ಕೂತು ಬಡವರ ದಸ್ತಾವೇಜು ಓದಿ ಹೇಳುವವರು; ಅವರ ಕೈಕೆಳಗೆ ಕಲಿಯುವ ಒಬ್ಬ ಹರೆಯದವರು, ಆ ವಿದ್ಯೆ ಇನ್ನೊಂದು ಸಾವಿನೊಂದಿಗೆ ಮುಗಿಯದಂತೆ. ಚಿಂಚೋಳಿಯ ಕುಂಚಾವರಂ ಕಡೆಯ ತಾಂಡಾಗಳಲ್ಲಿ ಯಾಡಿಯರ ಹಾಡನ್ನು ಕನ್ನಡ ಲಿಪಿಗೆ ಇಳಿಸಿಕೊಳ್ಳುವ ಒಬ್ಬ ಲಂಬಾಣಿ ಹೆಣ್ಣುಮಗಳು. ಫರಸಿ ಎಬ್ಬಿಸುವವರ, ವಾಡಿಯ ರೈಲ್ವೆ ಚಾಳಿನವರ, ನಿಂತುಹೋದ ಕಾರ್ಖಾನೆಯ ಕಾರ್ಮಿಕರ ಮಾತನ್ನು ಧ್ವನಿ ಸಮೇತ ದಾಖಲಿಸುವ ಒಬ್ಬರು. ಇವರೆಲ್ಲ ತಂದದ್ದನ್ನು ಸೇರಿಸಿ, ಶಾಲೆಯ ಮಕ್ಕಳ ಕೈಗೆ ಓದಲು ಕೊಟ್ಟು, ಅವರು ತಪ್ಪು ಓದಿದಾಗ ಬಯ್ಯದೆ ಕೂರಿಸಿ ತಿದ್ದುವ ಒಬ್ಬರು. ನಾಗಾವಿಯಲ್ಲಿ ಇಂಥವರಿಗೆ ಭೂಮಿ ಬಿಟ್ಟಿದ್ದರು. ಈಗ ತಿಂಗಳಿಗೆ ಪಗಾರ ಬೇಕು, ತಿರುಗಾಡಲು ಒಂದು ಬೈಕು ಬೇಕು, ಮಳೆಗಾಲದಲ್ಲಿ ಸೋರದ ಒಂದು ಕೋಣೆ ಬೇಕು.